ಸ್ಪೀಕಿಂಗ್ ಎಂದರೆ ಗಂಟಲು ಒಣಗುತ್ತದೆ

ಪ್ರಶ್ನೆ: ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಬ್ರಿಟನ್ನಿಗೆ ಹೋಗಲು ಒಇಟಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಬರೆದೆ. ಉಳಿದ ವಿಭಾಗಗಳು ಚೆನ್ನಾಗಿಯೇ ಆದವು. ಸ್ಪೀಕಿಂಗ್‌ನಲ್ಲಿ ಮಾತ್ರ ಗಂಟಲು ಒಣಗಿ, ಗೊತ್ತಿದ್ದದ್ದೂ ಮರೆತುಹೋಯಿತು. ಮತ್ತೆ ಪರೀಕ್ಷೆ ಹತ್ತಿರ ಬಂದಿದೆ. ಎದೆಬಡಿತ ತಗ್ಗಿಸಲು ಪ್ರೊಪ್ರನಲಾಲ್ ನುಂಗಿ ಹೋಗು ಎನ್ನುತ್ತಾಳೆ ಗೆಳತಿ. ನುಂಗಬಹುದೇ?
– ಹೆಸರು ಬೇಡ, ಮಂಗಳೂರು

ಉತ್ತರ: ವೈದ್ಯರು ನಿಮ್ಮನ್ನು ಪರೀಕ್ಷಿಸಿ ಬರೆದುಕೊಡದೆ ಖಂಡಿತ ಬೇಡ. ಉಬ್ಬಸವಿರುವವರಿಗೆ ಆ ಮಾತ್ರೆಯಿಂದ ಉಸಿರು ಕಟ್ಟಬಹುದು. ನಾಡಿ, ರಕ್ತದೊತ್ತಡ ಎರಡೂ ಇಳಿಯಬಹುದು. ಚೀಟಿಯಿಲ್ಲದೆ ರೋಗಿಗೆ ಇದನ್ನು ಕೊಡುತ್ತಿದ್ದಿರೇ? ನರ್ಸ್‌ಗಳು ತಮ್ಮ ವಿಷಯಕ್ಕೆ ಬಂದಾಗ ಈ ಎಚ್ಚರವನ್ನು ಬಿಟ್ಟುಬಿಡುವುದು ನನಗೆ ಬಹಳ ಸಂಕಟದ ಸಂಗತಿ.

ನಿಮ್ಮ ಕೆಲಸವನ್ನೇ ಒಮ್ಮೆ ನೋಡಿ. ಐಸಿಯುನಲ್ಲಿ ಅನೇಕ ರೋಗಿಗಳು ವೆಂಟಿಲೇಟರ್ ಮೇಲಿರುತ್ತಾರೆ. ನೀವು ಮಾತನಾಡುವುದು ಹೊರಗೆ ಕಾದು ಕುಳಿತ ಮನೆಯವರೊಡನೆ, ಅದೂ ತುಳುವಿನಲ್ಲೋ ಕನ್ನಡದಲ್ಲೋ. ಇಂಗ್ಲಿಷ್ ಬರುವುದು ಡ್ಯೂಟಿ ಬದಲಾಗುವಾಗ, ತುಂಡು ತುಂಡಾಗಿ. ರೋಗಿಯನ್ನು ಇಂಗ್ಲಿಷಿನಲ್ಲಿ ಸಮಾಧಾನಪಡಿಸುವ ರೂಢಿಯೇ ನಿಮಗೆ ಇಲ್ಲ. ಪುಕ್ಕಲು ಸ್ವಭಾವವೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಸ್ಪೀಕಿಂಗ್‌ನಲ್ಲಿ ನಿಮ್ಮೊಡನೆ ರೋಗಿಯ ಪಾತ್ರ ಮಾಡುವವರು ಅಂಕ ಹಾಕುವುದಿಲ್ಲ. ಧ್ವನಿಮುದ್ರಣ ಕೇಳಿ ಬೇರೆಯವರು ಹಾಕುತ್ತಾರೆ. ಆರಂಭದ ಕುಶಲ ಸಂಭಾಷಣೆಗೂ ಅಂಕವಿಲ್ಲ. ಆಗ ನಾಲಿಗೆ ತೊದಲಿದರೆ ತೊದಲಲಿ. ಅಂಕವಿರುವುದು ಸುಮಾರು 5 ನಿಮಿಷಗಳ ಎರಡು ಪಾತ್ರಾಭಿನಯಗಳಿಗೆ. ಸಂದರ್ಭದ ವಿವರವಿರುವ ಕಾರ್ಡು ಓದಿಕೊಳ್ಳಲು ಸಿಗುವ ಸಮಯದಲ್ಲಿ ಇಡೀ ಮಾತುಕತೆಯನ್ನು ಮನಸ್ಸಿನಲ್ಲಿ ಕಟ್ಟಲು ಹೋಗಬೇಡಿ. ಹೆಸರು ಹೇಳಿಕೊಂಡು ತೊಂದರೆ ಏನೆಂದು ಕೇಳುವ ಮೊದಲ ವಾಕ್ಯವೊಂದು ಸಿದ್ಧವಿದ್ದರೆ ಸಾಕು. ಆಮೇಲೆ ರೋಗಿ ಮಾತನಾಡಲಿ. ಅವರ ಆತಂಕವನ್ನು ಅರಿತು ಉತ್ತರಿಸುವುದಕ್ಕೂ ಅಂಕವಿದೆ, ಅದು ನಿಮಗೆ ಚೆನ್ನಾಗಿ ಬರುತ್ತದೆ.

ಹಾಸ್ಟೆಲಿನ ಗೆಳತಿಯೊಂದಿಗೆ ಗಡಿಯಾರವಿಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಭ್ಯಾಸ ಮಾಡಿ. ಬಳಿಕ ಹೆಚ್ಚು ಪರಿಚಯವಿಲ್ಲದ ಬೇರೆ ವಾರ್ಡಿನ ಸಿಸ್ಟರ್ ಒಬ್ಬರನ್ನು ಕೂರಿಸಿಕೊಳ್ಳಿ. ಸಲಿಗೆಯಿರುವವರ ಮುಂದೆ ಬಾರದ ನಡುಕ ಅವರ ಮುಂದೆ ಬರುತ್ತದೆ, ಬರಲಿ. ನಡುಕದ ನಡುವೆಯೇ ಮಾತು ಮುಂದುವರಿಸುವುದು ರೂಢಿಯಾಗಬೇಕು.

ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆ ಓದದೆ ಮಲಗಿ. ಪರೀಕ್ಷೆಯ ಹಿಂದಿನ ಎರಡು ರಾತ್ರಿ ಡ್ಯೂಟಿ ಹಾಕಬೇಡಿರೆಂದು ಇನ್‌ಚಾರ್ಜ್ ಸಿಸ್ಟರ್‌ಗೆ ಈಗಲೇ ಹೇಳಿಡಿ. ಕೆಲಸದ ಹೊತ್ತಿನಲ್ಲೂ ಎದೆ ಹೊಡೆದುಕೊಳ್ಳುತ್ತಿದ್ದರೆ, ನಿದ್ದೆ ಬಾರದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.