ಪಿಡಿಎಫ್ ವರ್ಡ್‌ಗೆ ಬಂದಾಗ ಸಾಲುಗಳು ಯಾಕೆ ಚೆಲ್ಲಾಪಿಲ್ಲಿ?

ಪ್ರಶ್ನೆ: ನನ್ನ ಬಳಿ 60 ಪುಟಗಳ ವರದಿಯ ಪಿಡಿಎಫ್ ಇದೆ. ಮೂಲ ವರ್ಡ್ ಫೈಲ್ ಕಳೆದುಹೋಗಿದೆ. ಪಿಡಿಎಫ್ ಅನ್ನು ವರ್ಡ್‌ನಲ್ಲಿ ತೆರೆದರೆ ಸಾಲುಗಳು ಚೆಲ್ಲಾಪಿಲ್ಲಿ ಆಗುತ್ತವೆ, ಕೆಲವು ಪುಟಗಳು ಬರೀ ಫೋಟೋ ತರ ಬರುತ್ತವೆ. ಒಳಗೆ ಗುಟ್ಟಿನ ವಿಷಯಗಳಿವೆ, ಆನ್‌ಲೈನ್‌ಗೆ ಹಾಕಲು ಮನಸ್ಸಿಲ್ಲ. ಕಂಪ್ಯೂಟರಿನಲ್ಲೇ ಸರಿಪಡಿಸಬಹುದೇ?

ಉತ್ತರ: ಖಂಡಿತ ಆಗುತ್ತದೆ. ಆನ್‌ಲೈನ್‌ಗೆ ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು.

1993ರಲ್ಲಿ ಅಡೋಬಿ ಪಿಡಿಎಫ್ ತಂದದ್ದು, ಪುಟವನ್ನು ಎಲ್ಲಿ ತೆರೆದರೂ ಒಂದೇ ತರ ಕಾಣಲಿ ಎಂದು. ತಿದ್ದಲಿಕ್ಕಲ್ಲ. ‘ಈ ಅಕ್ಷರ ಪುಟದ ಈ ಜಾಗದಲ್ಲಿ’ ಅನ್ನುವುದೇ ಅದರಲ್ಲಿ ಮುಖ್ಯ. ಪ್ಯಾರಾ ಎಲ್ಲಿ ಮುಗಿಯಿತು ಅನ್ನುವ ಗುರುತು ಎಷ್ಟೋ ಫೈಲುಗಳಲ್ಲಿ ಇರುವುದೇ ಇಲ್ಲ. ವರ್ಡ್ ಅದನ್ನು ಅಂದಾಜು ಮಾಡುತ್ತದೆ. ಅಂದಾಜು ತಪ್ಪಿದ ಕಡೆ ಸಾಲು ಮುರಿಯುತ್ತದೆ.

ಹಾಗಾಗಿ ಹೊಸ ಸಾಫ್ಟ್‌ವೇರ್ ಹುಡುಕುವ ಮೊದಲು ಫೈಲಿನ ಒಳಗೆ ಏನಿದೆ ನೋಡಿ. ಒಂದು ಸಾಲು ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಇದ್ದ ಹಾಗೇ ಬಂದರೆ ಅದು ನಿಜವಾದ ಪಠ್ಯ. ಸೆಲೆಕ್ಟೇ ಆಗದಿದ್ದರೆ ಸ್ಕ್ಯಾನ್ ಮಾಡಿದ ಚಿತ್ರ. ಕನ್ನಡದ ಸಾಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಬಿದ್ದರೆ ಬಹುಮಟ್ಟಿಗೆ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಈಗ ಬಳಸುವ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ ಹಳೆಯ ಫಾಂಟು. ಯುನಿಕೋಡ್ ಇದ್ದರೂ ಒತ್ತಕ್ಷರಗಳು ಹಿಂದುಮುಂದಾಗುವುದುಂಟು. ನಿಮ್ಮ ಫೈಲಿನಲ್ಲಿ ಪಠ್ಯ, ಚಿತ್ರ ಎರಡೂ ಬೆರೆತಂತಿದೆ, ಅಲ್ವಾ? ಬೇರೆ ಬೇರೆ ಪುಟಗಳಲ್ಲಿ ಪರೀಕ್ಷೆ ಮಾಡಿ.

ಪಠ್ಯದ ಪುಟಗಳಿಗೆ ವರ್ಡ್ 2013 ಅಥವಾ ನಂತರದ್ದು ಸಾಕು. ಸಾಲಿನ ಕೊನೆಗಳಲ್ಲೆಲ್ಲ ಎಂಟರ್ ಬಿದ್ದಿದ್ದರೆ ಒಂದೊಂದೇ ಅಳಿಸುತ್ತಾ ಕೂರಬೇಡಿ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ^ ಚಿಹ್ನೆ ಹಾಕಿ ಪಕ್ಕಕ್ಕೇ ಇಂಗ್ಲಿಷಿನ ಸಣ್ಣ ಪಿ ಬರೆದರೆ ಅದು ಎಂಟರ್ ಎಂದರ್ಥ. ಪ್ಯಾರಾಗಳ ನಡುವೆ ಎರಡು ಎಂಟರ್ ಇದ್ದರೆ ಮೊದಲು ಆ ಜೋಡಿಯನ್ನು @@ ಮಾಡಿ. ಆಮೇಲೆ ಉಳಿದ ಒಂಟಿ ಎಂಟರ್‌ಗಳನ್ನು ಸ್ಪೇಸ್ ಮಾಡಿ. ಕೊನೆಗೆ @@ ಅನ್ನು ಮತ್ತೆ ಎಂಟರ್ ಮಾಡಿ. ಮೂರು ಹೆಜ್ಜೆಯಲ್ಲಿ ಪ್ಯಾರಾಗಳು ಕೂಡಿಕೊಳ್ಳುತ್ತವೆ. ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ಸಾಫ್ಟ್‌ವೇರಿನ ಡ್ರಾನಲ್ಲೂ ಪಿಡಿಎಫ್ ತೆರೆಯಬಹುದು. ಆದರೆ ಅಲ್ಲಿ ಪಠ್ಯ ಬಿಡಿ ಬಿಡಿ ಪೆಟ್ಟಿಗೆಗಳಾಗಿ ಬರುತ್ತದೆ. ಒಂದು ತಾರೀಖು ಬದಲಿಸಲು ಅದು ಚೆನ್ನ, 60 ಪುಟ ತಿದ್ದಲು ಸುಮ್ನೆ ಕಷ್ಟ.

ಚಿತ್ರದ ಪುಟಗಳಿಗೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುವ ಸಾಫ್ಟ್‌ವೇರ್ ಬೇಕು. ಅಂಥದ್ದರಲ್ಲಿ ಟೆಸರಾಕ್ಟ್ ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಕನ್ನಡವನ್ನೂ ಓದುತ್ತದೆ. ಕನ್ನಡದ ಡೇಟಾ ಫೈಲನ್ನು ಮೊದಲೇ ಹಾಕಿಕೊಂಡಿರಬೇಕು. ಅದು ಪಿಡಿಎಫ್ ಅನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಪುಟಗಳನ್ನು ಚಿತ್ರ ಮಾಡಿ ಕೊಡಬೇಕು. ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಹಳೆಯ ಫಾಂಟಿನ ಪುಟಗಳಿಗೂ ನಾನು ಇದೇ ದಾರಿ ಹೇಳುತ್ತೇನೆ.

ಓಸಿಆರ್ ಆದ ಮೇಲೆ ಅಂಕಿಗಳನ್ನು ಮಾತ್ರ ನಂಬಬೇಡಿ. ಕನ್ನಡದ ಸೊನ್ನೆ ಅನುಸ್ವಾರವಾಗಿ ಬಂದಿರಬಹುದು, ಇಂಗ್ಲಿಷಿನ ಓ ಸೊನ್ನೆಯಾಗಿರಬಹುದು. ಪಿಡಿಎಫ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ಮೊತ್ತ, ತಾರೀಖುಗಳನ್ನು ಒಂದೊಂದಾಗಿ ತಾಳೆ ನೋಡಿ.