ಶೂ ಕೊಡಿಸಿದ ಕೋಚ್ ಮೇಲೆ ರಿಪೋರ್ಟ್ ಬರೆಯಬೇಕಾಗಿದೆ

ಪ್ರಶ್ನೆ: ನನಗೆ 44 ವರ್ಷ. ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಓದಿದ ಕಾಲೇಜಿನ ಆಡಳಿತ ಮಂಡಳಿಗೆ ಹೋದ ವರ್ಷ ನನ್ನನ್ನೂ ಸೇರಿಸಿಕೊಂಡರು. ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ನಾಲ್ಕು ವರ್ಷದಿಂದ ಅಂತರ ಕಾಲೇಜು ಟೂರ್ನಿಯಲ್ಲಿ ಸೋತು ಬರುತ್ತಿದೆ. ಮೂರು ಸಲ ಮೊದಲ ಸುತ್ತಿಗೇ ಮನೆಗೆ, ಒಂದು ಸಲ ಎರಡನೇ ಸುತ್ತಿಗೆ. ಕೋಚ್‌ಗೆ ಈಗ 58. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ 1992ರಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರು. ಗೌರವಧನದ ಮೇಲೆ, ವರ್ಷ ವರ್ಷ ನವೀಕರಿಸುವ ನೇಮಕ. ‘ಆಟ ಗೊತ್ತಿರೋರು ನೀವೊಬ್ಬರೇ. ಅವರನ್ನ ಇಟ್ಟುಕೊಳ್ಳಬೇಕೋ ಬೇಡವೋ, ಈ ತಿಂಗಳ ಕೊನೆಯೊಳಗೆ ಒಂದು ರಿಪೋರ್ಟ್ ಕೊಡಿ, ಅವರಿಗೆ ಗೊತ್ತಾಗೋದು ಬೇಡ’ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ.

1998ರಲ್ಲಿ ನಾನು ಪಿಯುಸಿಗೆ ಸೇರಿದಾಗ ಬರಿಗಾಲಲ್ಲಿ ಆಡುತ್ತಿದ್ದೆ. ಸಿಮೆಂಟ್ ಕೋರ್ಟ್ ಕಾದು ಅಂಗಾಲು ಬೊಬ್ಬೆ ಬಂದದ್ದು ನೋಡಿ, ಸರ್ ತಮ್ಮ ದುಡ್ಡಲ್ಲಿ ಶೂ ಕೊಡಿಸಿದ್ದರು. ‘ಐದು ಪಾಸ್ ಆಗದೆ ರಿಂಗ್ ಕಡೆ ನೋಡಬೇಡಿ’ ಅನ್ನೋ ಅವರ ಪಾಠ ಇವತ್ತಿಗೂ ನೆನಪಿದೆ. ಆದರೆ ಹೋದ ಪಂದ್ಯಕ್ಕೆ ನಾನೇ ಹೋಗಿದ್ದೆ. ಕೊನೆಯ ಕ್ವಾರ್ಟರ್, ಒಂಬತ್ತು ಪಾಯಿಂಟ್ ಹಿಂದಿದ್ದೇವೆ, ಸರ್ ತಲೆ ಮೇಲೆ ಕೈಹೊತ್ತು ಕೂತಿದ್ದರು. ಆಟ ನಿಲ್ಲಿಸಿ ಹುಡುಗರ ಜೊತೆ ಮಾತಾಡಲು ದ್ವಿತೀಯಾರ್ಧದಲ್ಲಿ ಒಂದು ಟೈಮ್‌ಔಟನ್ನೂ ಕೇಳಲಿಲ್ಲ. ಫೌಲ್ ಆಗಿ ಆಟ ನಿಂತಾಗ ಕ್ಯಾಪ್ಟನ್ ಹುಡುಗನೇ ಎಲ್ಲರನ್ನೂ ಕರೆದು ಏನೋ ಹೇಳುತ್ತಿದ್ದ. ‘ಸರ್ ಒಳ್ಳೆಯವರು ಅಣ್ಣ, ಆದರೆ ಸರ್ ಆಟ ಹಳೇದು’ ಅಂತಾರೆ ಹುಡುಗರು. ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಲ್ಲಿ ‘ಮುದುಕನ್ನ ಮೊದಲು ಕಳಿಸಿ’ ಅಂತ ದಿನಾ ಗಲಾಟೆ. ನನ್ನಮ್ಮ ‘ಶೂ ಕೊಡಿಸಿದೋರ ಮೇಲೇ ಚಾಡಿ ಬರೀತೀಯೇನೋ?’ ಅಂತಾಳೆ. ಸರ್ ಈಗಲೂ ಸಂಜೆ ಅಂಗಡಿಗೆ ಬಂದು ಟೀ ಕುಡೀತಾರೆ. ನಾನು ಮುಖ ತಪ್ಪಿಸಿಕೊಂಡು ಮೊಳೆ ತೂಗ್ತಾ ಇರ್ತೀನಿ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಸೋಲಿನ ಲೆಕ್ಕವಿದೆ, ಶೂ ಲೆಕ್ಕವಿದೆ, ವಾಟ್ಸ್ಆ್ಯಪ್ ಗುಂಪಿನ ಲೆಕ್ಕವೂ ಇದೆ. ಬೆಳಗ್ಗೆ ಆರರಿಂದ ಎಂಟರವರೆಗೆ ಕೋರ್ಟ್‌ನಲ್ಲಿ ಏನು ನಡೆಯುತ್ತದೆ ಎನ್ನುವುದು ಮಾತ್ರ ಎಲ್ಲೂ ಇಲ್ಲ. ನೀವು ಪ್ರಾಕ್ಟೀಸ್ ನೋಡಲು ಹೋಗಿಲ್ಲ ಅಂತ ನನ್ನ ಗುಮಾನಿ. ಅಂಗಡಿ ತೆರೆಯುವ ಹೊತ್ತು, ಆಗುವುದಿಲ್ಲ, ನಿಜ. ಆದರೆ ರಿಪೋರ್ಟ್ ಬರೆಯುವವರು ನೀವು.

ಒಂದು ಲೆಕ್ಕ ಹಾಕೋಣ. ನಾಕೌಟ್ ಅಂದರೆ ಸೋತವರು ಅವತ್ತೇ ಬಸ್ ಹತ್ತಬೇಕು. ಮೂರು ವರ್ಷ ಒಂದೊಂದು ಪಂದ್ಯ, ಒಂದು ವರ್ಷ ಎರಡು. ಒಟ್ಟು ಐದು. ಒಂದು ಪಂದ್ಯ 40 ನಿಮಿಷ. ನಾಲ್ಕು ವರ್ಷದ ಕೆಲಸವನ್ನು ನೀವೆಲ್ಲ ಅಳೆಯಲು ಹೊರಟಿರುವುದು 200 ನಿಮಿಷದ ಆಟದಿಂದ. ಅದರಲ್ಲೂ ಡ್ರಾ ಚೀಟಿ ಎತ್ತಿದಾಗ ಎದುರಿಗೆ ಯಾರು ಬಂದರು, ಆ ವಾರ ಇಂಟರ್ನಲ್ಸ್ ಇತ್ತಾ, ನಿಮ್ಮ ಆರಡಿ ಹುಡುಗನಿಗೆ ಹಾಜರಾತಿ ಕಮ್ಮಿ ಅಂತ ಪ್ರಿನ್ಸಿಪಾಲರು ಬಿಡಲಿಲ್ಲವಾ ಎಂಬುದೆಲ್ಲ ಸೇರಿಕೊಂಡಿರುತ್ತದೆ. ಪಿಯುಸಿಯಲ್ಲಿ ಚೆನ್ನಾಗಿ ಆಡುವ ಮಕ್ಕಳನ್ನು ಈಗ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ಸೀಟು, ಹಾಸ್ಟೆಲು ಕೊಟ್ಟು ಕರೆದುಕೊಳ್ಳುತ್ತವೆ. 2022ರಲ್ಲಿ ಬೆಂಗಳೂರಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಪದಕಪಟ್ಟಿಯಲ್ಲಿ ಮೊದಲು ನಿಂತದ್ದು ಜೈನ್ ವಿಶ್ವವಿದ್ಯಾಲಯ. ಉಳಿದ ಮಕ್ಕಳಲ್ಲಿ ಹನ್ನೆರಡು ಜನರನ್ನು ಕಟ್ಟಿಕೊಂಡು ಹೊರಡುವವರು ನಿಮ್ಮ ಸರ್.

ಇಷ್ಟು ಓದಿ ‘ಮೇಡಂ ಸರ್ ಪರ’ ಅಂದುಕೊಳ್ಳಬೇಡಿ, ಇನ್ನೂ ಇದೆ.

ಸೋಲುವ ಕೋಚ್ ಪರ ಮಾತಾಡುವವರು ಅಮೆರಿಕದ ಒಂದು ಕಥೆ ಹೇಳುತ್ತಾರೆ. ನಿಮ್ಮ ಸಭೆಯಲ್ಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಡ್ಯೂಕ್ ವಿಶ್ವವಿದ್ಯಾಲಯಕ್ಕೆ 1980ರಲ್ಲಿ ಬಂದ ಮೈಕ್ ಶಿಶೆಫ್‌ಸ್ಕಿ ಮೊದಲ ಮೂರು ಋತುಗಳಲ್ಲಿ ಗೆದ್ದದ್ದು 38, ಸೋತದ್ದು 47. ಕಳಿಸಿ ಅಂತ ಅಲ್ಲಿಯೂ ಕೂಗೆದ್ದಿತ್ತು. ಕ್ರೀಡಾ ನಿರ್ದೇಶಕ ಟಾಮ್ ಬಟರ್ಸ್ 1984ರ ಜನವರಿಯಲ್ಲಿ ಕರೆದು ಕರಾರನ್ನು ಮುಂದುವರಿಸಿದರು. ಆಮೇಲೆ 1991ರಿಂದ 2015ರೊಳಗೆ ಐದು ರಾಷ್ಟ್ರೀಯ ಪ್ರಶಸ್ತಿ. ಕಥೆ ನಿಜ. ಆದರೆ ಹಾಗೆ ಕರಾರು ಮುಂದುವರಿಸಿಕೊಂಡು ಆಮೇಲೂ ಸೋಲುತ್ತಲೇ ಹೋದವರ ಕಥೆಯನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಕೇಳುಗರಿಲ್ಲ. ಅದೂ ಅಲ್ಲದೆ ಶಿಶೆಫ್‌ಸ್ಕಿಗೆ ಆಗ ವಯಸ್ಸು 36, ನಿಮ್ಮ ಸರ್‌ಗೆ 58. ನನಗೆ ಇದಕ್ಕಿಂತ ಇಷ್ಟವಾಗುವುದು ಜೇಮ್ಸ್ ನೈಸ್ಮಿತ್ ಲೆಕ್ಕ. 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಸಿ ಈ ಆಟವನ್ನೇ ಹುಟ್ಟುಹಾಕಿದ ಮನುಷ್ಯ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿ 55 ಗೆದ್ದು 60 ಸೋತರು. ಅಲ್ಲಿನ ಕೋಚ್‌ಗಳ ಪೈಕಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು ಅಂತಿರುವುದು ಅವರೊಬ್ಬರದೇ. ಆಟ ಗೊತ್ತಿರುವುದೇ ಬೇರೆ, ತಂಡ ಗೆಲ್ಲಿಸುವುದೇ ಬೇರೆ.

ಈಗ ನಿಮ್ಮ ಹುಡುಗರ ಮಾತಿಗೆ ಬರುತ್ತೇನೆ. ‘ಸರ್ ಆಟ ಹಳೇದು.’ ಇಡೀ ಪತ್ರದಲ್ಲಿ ಕೋಚಿಂಗ್ ಬಗ್ಗೆ ಇರುವ ಸಾಕ್ಷಿ ಇದೊಂದೇ, ಇದನ್ನು ಹಗುರಾಗಿ ತಗೋಬೇಡಿ. ಸರ್ ಪಟಿಯಾಲಾದಲ್ಲಿ ಕಲಿತಾಗ ಆಟ 20 ನಿಮಿಷದ ಎರಡು ಅರ್ಧ. ಚೆಂಡು ಸಿಕ್ಕ ತಂಡಕ್ಕೆ ಶೂಟ್ ಮಾಡಲು 30 ಸೆಕೆಂಡ್. ನೀವು 1998ರಲ್ಲಿ ಕಲಿತದ್ದೂ ಅದನ್ನೇ. 2000ದಲ್ಲಿ ಅಂತರರಾಷ್ಟ್ರೀಯ ನಿಯಮ ಬದಲಾಗಿ 10 ನಿಮಿಷದ ನಾಲ್ಕು ಕ್ವಾರ್ಟರ್ ಆಯಿತು, 30 ಇದ್ದದ್ದು 24 ಸೆಕೆಂಡ್‌ಗೆ ಇಳಿಯಿತು. ಆರು ಸೆಕೆಂಡ್ ಏನು ಮಹಾ ಅನ್ನಿಸಬಹುದು. ನಿಮಗೆ ಪ್ರಿಯವಾದ ಆ ಐದು ಪಾಸ್ ಪಾಠವನ್ನು ಕೈಯಲ್ಲಿ ಗಡಿಯಾರ ಹಿಡಿದು ನೋಡಿ. ಚೆಂಡು ಅರ್ಧ ಗೆರೆ ದಾಟಲು ಆರೇಳು ಸೆಕೆಂಡ್. ಅಲ್ಲಿಂದ ನಿಂತು ನೋಡಿ ಐದು ಪಾಸ್. ಕೊನೆಗೆ ಯಾರ ಕೈಗೆ ಚೆಂಡು ಬರುತ್ತದೋ ಅವನು ಡಿಫೆಂಡರ್ ಮುಖದ ಮೇಲೇ ಎಸೆದು ಕೈ ತೊಳೆದುಕೊಳ್ಳಬೇಕು. ನಿಯಮ ಬದಲಾದದ್ದು ಸರ್‌ಗೆ ಗೊತ್ತಿಲ್ಲದೆ ಇಲ್ಲ. ಪ್ರಾಕ್ಟೀಸಿನಲ್ಲಿ ಗಡಿಯಾರ ಓಡುತ್ತದಾ, ಅದನ್ನು ನೋಡಿ. ಮೊಬೈಲಿನ ಟೈಮರ್ ಸಾಕು. ಅದೂ ಇಲ್ಲದೆ ಆಡಿಸುತ್ತಿದ್ದರೆ ಅದು ಕೋಚ್ ತಪ್ಪು, ಅದನ್ನು ರಿಪೋರ್ಟ್‌ನಲ್ಲಿ ಬರೆಯಲೇಬೇಕು.

ಬರೆಯುವ ಮೊದಲು ನೆಲವನ್ನೂ ಒಮ್ಮೆ ನೋಡಿ. ರಿಂಗ್ ಕೆಳಗಿನ ಬಣ್ಣದ ಪಟ್ಟಿ ಯಾವ ಆಕಾರದಲ್ಲಿದೆ? ರಿಂಗ್ ಹಿಂದಿನ ಅಂಚಿನ ಗೆರೆ (ಬೇಸ್‌ಲೈನ್) ಹತ್ತಿರ ಅಗಲವಾಗಿ, ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯುವ ಫ್ರೀ ಥ್ರೋ ಗೆರೆ ಕಡೆ ಕಿರಿದಾಗುತ್ತಾ ಬಂದಿದ್ದರೆ, ನಿಮ್ಮ ಕೋರ್ಟ್‌ಗೆ ಕೊನೆಯ ಸಲ ಗೆರೆ ಎಳೆದದ್ದು ಹಳೇ ಅಳತೆಯಲ್ಲಿ. 2010ರಲ್ಲಿ ಆ ಪಟ್ಟಿ ಆಯತವಾಯಿತು, ಮೂರು ಪಾಯಿಂಟಿನ ಗೆರೆ 6.25 ಮೀಟರ್‌ನಿಂದ 6.75ಕ್ಕೆ ಹಿಂದೆ ಸರಿಯಿತು. ನಾನು ನೋಡಿದ ಎಷ್ಟೋ ಕಾಲೇಜುಗಳ ಸಿಮೆಂಟ್ ಕೋರ್ಟ್‌ನಲ್ಲಿ ಇವತ್ತಿಗೂ ಹಳೇ ಗೆರೆಯೇ, ಅದರ ಮೇಲೆ ಗಣರಾಜ್ಯೋತ್ಸವದ ಪೆರೇಡಿಗೆ ಎಳೆದ ಸುಣ್ಣದ ಗೆರೆ. ಹುಡುಗ ವರ್ಷವಿಡೀ ಹಳೇ ಗೆರೆಯಲ್ಲಿ ನಿಂತು ಕೈ ಪಳಗಿಸಿಕೊಂಡು, ಟೂರ್ನಿಗೆ ಹೋಗಿ ಅರ್ಧ ಮೀಟರ್ ಹಿಂದೆ ನಿಂತರೆ ಚೆಂಡು ರಿಂಗಿನ ಮುಂಭಾಗಕ್ಕೆ ತಾಗಿ ವಾಪಸ್ ಬರುತ್ತದೆ. ಇದು ಯಾರ ತಪ್ಪು? ಪೇಂಟ್ ಕೊಡಿಸಬೇಕಾದವರು ಆಡಳಿತ ಮಂಡಳಿ. ಅದರ ಒಬ್ಬ ಸದಸ್ಯರದು ಹಾರ್ಡ್‌ವೇರ್ ಅಂಗಡಿ! ಬೇಜಾರಾಗಬೇಡಿ, ಪತ್ರ ಓದುವಾಗಲೇ ನಗು ಬಂತು.

ಹಾಗಾಗಿ ನಾಲ್ಕು ಬೆಳಗ್ಗೆ ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ಹೋಗಿ ಕೂತುಕೊಳ್ಳಿ. ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ, ಎಲ್ಲರೂ ಏದುಸಿರು ಬಿಡುವಾಗ, ಒಬ್ಬೊಬ್ಬರಿಗೂ ಹತ್ತು ಫ್ರೀ ಥ್ರೋ ಹಾಕಿಸಿ ಬರೆದುಕೊಳ್ಳಿ. ಫ್ರೀ ಥ್ರೋಗೆ ಎದುರಾಳಿ ಇಲ್ಲ, ಎತ್ತರದ ನೆಪ ಇಲ್ಲ, ಡ್ರಾ ನೆಪವೂ ಇಲ್ಲ. ಅಲ್ಲಿ ಕಾಣುವುದು ಕಲಿಸಿದ್ದು, ಕಲಿತದ್ದು ಅಷ್ಟೇ. ಇಂಥ ಲೆಕ್ಕದ ಪುಸ್ತಕ ಸರ್ ಹತ್ತಿರವೇ ಇದೆಯಾ ಕೇಳಿ. ಮೂರನೇ ವರ್ಷದ ಹುಡುಗರಲ್ಲಿ ಒಬ್ಬನನ್ನು ಕರೆದು, ಸೇರಿದಾಗ ನಿನಗೆ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ ಅಂತ ವಿಚಾರಿಸಿ. ‘ಎಡಗೈ ಲೇಅಪ್ ಬರ್ತಿರಲಿಲ್ಲ ಅಣ್ಣ, ಸರ್ ಕಲಿಸಿದ್ರು’ ಅಂದರೆ ಅದು ಒಂದು ಗೆಲುವಿಗೆ ಸಮ ಅಂತ ನಾನು ಎಣಿಸುತ್ತೇನೆ. ‘ನಾನೇ ಯೂಟ್ಯೂಬ್ ನೋಡಿ ಕಲಿತೆ’ ಅಂದರೆ ಅದನ್ನೂ ಬರೆದುಕೊಳ್ಳಿ.

ಆ ಟೈಮ್‌ಔಟ್ ವಿಷಯ ನನ್ನನ್ನೂ ಕಾಡಿತು. ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್ ಇರುತ್ತವೆ, ಒಂದೊಂದು ಒಂದು ನಿಮಿಷ. ಪಂದ್ಯದ ನಡುವೆ ಕೋಚ್ ಕೈಯಲ್ಲಿರುವ ದೊಡ್ಡ ಆಯುಧ ಅದು. ಮೂರನ್ನೂ ಜೇಬಲ್ಲಿ ಇಟ್ಟುಕೊಂಡು ಮನೆಗೆ ಹೋದರು ಅಂದರೆ ಸಣ್ಣ ಮಾತಲ್ಲ. ಹುಡುಗರು ತಾವೇ ಯೋಚಿಸಲಿ ಅಂತ ಬಿಟ್ಟರಾ, ಕೈಚೆಲ್ಲಿದರಾ, ಅಥವಾ ಮೈಯಲ್ಲಿ ಹುಷಾರಿರಲಿಲ್ಲವಾ? 58ರ ಮನುಷ್ಯ ತಲೆ ಮೇಲೆ ಕೈಹೊತ್ತು ಕೂತರೆ ಬಿ.ಪಿ., ಶುಗರ್ ಅಂತಲೂ ಯೋಚಿಸಬೇಕಲ್ಲವೇ? ದಿನಾ ಟೀ ಕುಡಿಯಲು ಬರುತ್ತಾರೆ. ನೀವು ಕೇಳಿಲ್ಲ.

ನಿಮ್ಮ ನಿಜವಾದ ಸಂಕಟ ಇಲ್ಲಿದೆ ಅನ್ನಿಸುತ್ತದೆ. ಗುಟ್ಟಾಗಿ ಬರೆಯಿರಿ ಅಂದದ್ದಕ್ಕೆ ನೀವು ತಲೆಯಾಡಿಸಿ ಬಂದಿರಿ, ಅವತ್ತಿನಿಂದ ಮೊಳೆ ತೂಗುತ್ತಿದ್ದೀರಿ. ನಾನು ಉಪನ್ಯಾಸಕಿಯಾಗಿದ್ದಾಗ ಸಹೋದ್ಯೋಗಿಯೊಬ್ಬರ ಪಾಠದ ಬಗ್ಗೆ ಹೀಗೇ ಒಂದು ವರದಿ ಬರೆದುಕೊಟ್ಟಿದ್ದೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆರು ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ‘ನನಗೇ ಹೇಳಿದ್ದರೆ ತಿದ್ದಿಕೊಳ್ತಿದ್ದೆನಲ್ಲ ಮೇಡಂ’ ಅಂದರು. ಜಗಳವಾಡಲಿಲ್ಲ, ಅಷ್ಟೇ ಹೇಳಿ ಬಸ್ ಹತ್ತಿದರು. ಊರಿನ ಕಾಲೇಜಿನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾರ್ಯದರ್ಶಿಗಳಿಗೆ ನೇರವಾಗಿ ಹೇಳಿ: ಬರೆಯುತ್ತೇನೆ, ಆದರೆ ಸರ್‌ಗೆ ತಿಳಿಸಿಯೇ ಬರೆಯುತ್ತೇನೆ, ಅವರು ಹೇಳುವ ಮಾತಿಗೂ ಒಂದು ಪುಟ ಬಿಡುತ್ತೇನೆ. ಅದಕ್ಕೆ ಒಪ್ಪದಿದ್ದರೆ ಬೇರೆಯವರ ಕೈಲಿ ಬರೆಸಿಕೊಳ್ಳಲಿ.

ನಿಮ್ಮ ತಾಯಿಯವರ ಮಾತಿಗೆ ಏನು ಹೇಳಲಿ? ಅವರು ಹೇಳುವ ಋಣ ದೊಡ್ಡದೇ. ಆದರೆ ಶೂ ಸಾಲ ನಿಮ್ಮದು. ಈಗ ಆಡುತ್ತಿರುವ ಹುಡುಗನ ಮೂರು ವರ್ಷದಿಂದ ಅದನ್ನು ತೀರಿಸುವ ಹಕ್ಕು ನಿಮಗಿಲ್ಲ. ಡಿಗ್ರಿಯ ಮೂರು ವರ್ಷ ಮುಗಿದರೆ ಅವನ ಕಾಲೇಜು ಆಟವೂ ಮುಗಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಪ್ರಾಕ್ಟೀಸ್ ಜೀವಂತವಾಗಿದ್ದರೆ ಒಂದು ವರ್ಷ ಕೊಡಿ ಅಂತ ಬರೆಯುತ್ತಿದ್ದೆ, ಎರಡೂ ಕಡೆಗೆ ಷರತ್ತು ಹಾಕಿ. ಕೋರ್ಟ್ ಗೆರೆ, ಚೆಂಡು, ಹುಡುಗರ ಹಾಜರಾತಿ ವಿನಾಯಿತಿ ಮಂಡಳಿಯ ಜವಾಬ್ದಾರಿ. ಗಡಿಯಾರ ಇಟ್ಟು ಆಡಿಸುವುದು, ಲೆಕ್ಕದ ಪುಸ್ತಕ, ಇತ್ತೀಚೆಗೆ ಆಡಿ ಬಂದ ಹಳೇ ವಿದ್ಯಾರ್ಥಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಸರ್ ಜವಾಬ್ದಾರಿ. ನಾಲ್ಕೂ ದಿನ ಅವರು ಕುರ್ಚಿ ಬಿಟ್ಟು ಏಳದೆ ಸೀಟಿ ಊದುತ್ತಾ ಕೂತಿದ್ದರೆ ಮಾತ್ರ, ತಂಡದ ಜವಾಬ್ದಾರಿ ಬೇರೆಯವರಿಗೆ ಕೊಡಿ ಅಂತ ಕೈ ನಡುಗದೆ ಬರೆಯಿರಿ. ಅಮೆರಿಕದ ದೊಡ್ಡ ಕಾಲೇಜಿನ ಕೋಚ್‌ನನ್ನು ಕರಾರಿನ ನಡುವೆ ಕಳಿಸಿದರೆ ಉಳಿದ ವರ್ಷಗಳ ಬಾಬ್ತು ಮಿಲಿಯನ್‌ಗಟ್ಟಲೆ ಡಾಲರ್ ಕೈಗೆ ಬರುವುದುಂಟು. ನಿಮ್ಮ ಸರ್‌ಗೆ ಮಾರ್ಚ್ ತಿಂಗಳ ಗೌರವಧನ ಬಂದು ನಿಲ್ಲುತ್ತದೆ. ಆದ್ದರಿಂದ ಅದೇ ಕಾಗದದಲ್ಲಿ ಇನ್ನೊಂದು ಸಾಲು ಸೇರಿಸಿ: ಹೊಸದಾಗಿ ಚೆಂಡು ಹಿಡಿಯುವ ಪಿಯುಸಿ ಮಕ್ಕಳನ್ನು ಅವರ ಕೈಗೆ ಕೊಡಿ. ಬರಿಗಾಲ ಹುಡುಗನನ್ನು ಗುರುತಿಸುವ ಕಣ್ಣು ಅವರಿಗಿದ್ದದ್ದಕ್ಕೆ ನೀವೇ ಸಾಕ್ಷಿ. ಮಂಡಳಿ ಹಣವಿಲ್ಲ ಅಂದರೆ ಆ ಗೌರವಧನದಲ್ಲಿ ಒಂದು ಪಾಲು ನೀವು ಹಾಕಿ. ಶೂ ಲೆಕ್ಕಕ್ಕೆ ಅದು ಸರಿಯಾದ ಖಾತೆ. ವಾಟ್ಸ್ಆ್ಯಪ್ ಗುಂಪನ್ನು ಒಂದು ತಿಂಗಳು ಮ್ಯೂಟ್ ಮಾಡಿ.

ಶನಿವಾರ ಬೆಳಗ್ಗೆಯಿಂದಲೇ ಶುರು ಮಾಡಿ. ಅಂಗಡಿಯಿಂದ 10 ಮೀಟರ್ ಟೇಪ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ. ಮೂರು ಪಾಯಿಂಟಿನ ಗೆರೆಯನ್ನು ಅಳೆಯುವುದು ರಿಂಗಿನ ನಡುಮಧ್ಯಕ್ಕೆ ನೇರ ಕೆಳಗಿನ ಬಿಂದುವಿನಿಂದ, ಒಬ್ಬರಿಂದ ಆಗುವ ಕೆಲಸವಲ್ಲ. ಆ ತುದಿಯನ್ನು ಹಿಡಿದುಕೊಳ್ಳಲು ಸರ್ ಅವರನ್ನೇ ಕರೆಯಿರಿ.