ಎಂಪಿಯು-6050 ಸೆನ್ಸರ್‌ನ ರೀಡಿಂಗ್ ಇಷ್ಟು ಕುಣಿಯುವುದೇಕೆ? ಸರಿಪಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ತೋಟದ ಮೊನೊಬ್ಲಾಕ್ ಪಂಪಿನ ಕಂಪನ ಅಳೆಯಲು ಅದಕ್ಕೆ ಎಂಪಿಯು-6050 (ಚಲನೆ ಅಳೆಯುವ ಸಣ್ಣ ಚಿಪ್) ಅಂಟಿಸಿ, ಟೈಮರ್ ಇಟ್ಟು 10 ಮಿಲಿಸೆಕೆಂಡಿಗೊಮ್ಮೆ ಓದುತ್ತಿದ್ದೀರಿ. ಮೋಟಾರ್ ಆಫ್ ಇದ್ದಾಗಲೂ ಝಡ್ ಅಕ್ಷದ ರೀಡಿಂಗ್ 16100ರಿಂದ 16700ರವರೆಗೆ ಕುಣಿಯುತ್ತದೆ. ಆನ್ ಮಾಡಿದರೆ ಜೊತೆಗೆ ನಿಧಾನವಾಗಿ ಏರಿಳಿಯುವ ಅಲೆಯೊಂದು ಬರುತ್ತದೆ. ಕಾಲ್ಮನ್ ಫಿಲ್ಟರ್ (ಕುಣಿಯುವ ರೀಡಿಂಗ್‌ಗಳಿಂದ ನಿಜವಾದ ಬೆಲೆ ಅಂದಾಜಿಸುವ ಕೋಡ್) ಹಾಕಿದರೂ ಅದು ಹೋಗುತ್ತಿಲ್ಲ. ಸೆನ್ಸರ್ ಕೆಟ್ಟಿದೆಯೇ ಅನ್ನುವುದು ನಿಮ್ಮ ಅನುಮಾನ.

ಕೆಟ್ಟಿಲ್ಲ. ಮೋಟಾರ್ ಆಫ್ ಇದ್ದಾಗಿನ ಕುಣಿತಕ್ಕೆ ಲೆಕ್ಕವಿದೆ. ಈ ಚಿಪ್‌ನ ಡೇಟಾಶೀಟ್‌ನಲ್ಲಿ ವೇಗೋತ್ಕರ್ಷದ ನಾಯ್ಸ್ (ತಾನಾಗಿ ಬರುವ ಅಡ್ಡಾದಿಡ್ಡಿ ಕುಣಿತ) ಪ್ರತಿ ವರ್ಗಮೂಲ ಹರ್ಟ್ಸ್‌ಗೆ 400 ಮೈಕ್ರೋ-ಜಿ ಎಂದಿದೆ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು). ರೀಸೆಟ್ ಆದಾಗ ಅದರ ಬ್ಯಾಂಡ್‌ವಿಡ್ತ್, ಅಂದರೆ ಅದು ಹಿಡಿಯುವ ಕಂಪನಾಂಕಗಳ ಮಿತಿ, 260 ಹರ್ಟ್ಸ್. 260ರ ವರ್ಗಮೂಲ ಸುಮಾರು 16. ಅದನ್ನು 400ರಿಂದ ಗುಣಿಸಿದರೆ ಹತ್ತಿರ ಹತ್ತಿರ 6.5 ಮಿಲಿ-ಜಿ. ±2 ಜಿ ರೇಂಜ್‌ನಲ್ಲಿ 1 ಜಿ ಅಂದರೆ 16384 ಎಣಿಕೆ, ಹಾಗಾಗಿ ಇದು ನೂರಕ್ಕಿಂತ ಸ್ವಲ್ಪ ಹೆಚ್ಚು ಎಣಿಕೆಯಾಯಿತು. ಇದು ಆರ್‌ಎಂಎಸ್ ಲೆಕ್ಕ, ಅಂದರೆ ಒಂದು ಬಗೆಯ ಸರಾಸರಿ. ಅದರ ಮೂರರಷ್ಟು ಮೇಲೂ ಕೆಳಗೂ ಹೋಗುವುದು ಸಹಜ. ನಿಮಗೆ ಸಿಕ್ಕ ±300 ಅದೇ.

ಈ ನಾಯ್ಸ್‌ಗೆ ಮೂಲ ಚಿಪ್‌ನ ಗಾತ್ರ. ಒಳಗೆ ಸಿಲಿಕಾನ್ ಸ್ಪ್ರಿಂಗ್‌ಗಳ ಮೇಲೆ ತೂಗುವ ಒಂದು ಅತಿ ಸಣ್ಣ ತುಣುಕಿದೆ. ಸುತ್ತಲಿನ ಅನಿಲದ ಅಣುಗಳು ಬಡಿದರೂ ಅದು ಅಲುಗುತ್ತದೆ, ತೂಕ ಕಡಿಮೆಯಾದಷ್ಟೂ ಹೆಚ್ಚು ಅಲುಗುತ್ತದೆ. ಆ ಅಲುಗಾಟವನ್ನು ಕೆಪಾಸಿಟನ್ಸ್‌ನ ಬದಲಾವಣೆಯಾಗಿ ಅಳೆಯಬೇಕು. ಎಷ್ಟು ಸಣ್ಣ ಬದಲಾವಣೆ ಅನ್ನುವುದಕ್ಕೆ ಒಂದು ಉದಾಹರಣೆ: ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಆರ್‌ಎಸ್ ಗೈರೋಗಳು (ತಿರುಗುವ ವೇಗ ಅಳೆಯುವ ಚಿಪ್‌ಗಳು) 12 ಜೆಪ್ಟೋಫ್ಯಾರಡ್‌ನಷ್ಟು ಬದಲಾವಣೆಯನ್ನೂ ಗುರುತಿಸುತ್ತವೆ. ಅಂದರೆ ದಶಮಾಂಶ ಬಿಂದುವಿನ ನಂತರ 19 ಸೊನ್ನೆ ಬರೆದು ಆಮೇಲೆ 12 ಬರೆದರೆ ಎಷ್ಟೋ ಅಷ್ಟು ಫ್ಯಾರಡ್. ಇಂಥದ್ದು ಕೆಲಸ ಮಾಡುತ್ತದೆ ಅನ್ನುವುದೇ ನನಗೆ ಇವತ್ತಿಗೂ ಅಚ್ಚರಿ.

ಈಗ ಆ ನಿಧಾನದ ಅಲೆಗೆ ಬರೋಣ. ನಿಮ್ಮ ಸಮಸ್ಯೆಯ ತಿರುಳು ಇಲ್ಲಿದೆ. 50 ಹರ್ಟ್ಸ್ ಕರೆಂಟಿನಲ್ಲಿ ಓಡುವ ಮೋಟಾರಿನ ಕಬ್ಬಿಣದ ಮೈ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ನಡುಗುತ್ತದೆ. ನೀವು ಓದುತ್ತಿರುವುದೂ ಸೆಕೆಂಡಿಗೆ 100 ಸಲ. ಪ್ರತಿ ಸಲವೂ ಆ ನಡುಕ ಸರಿಸುಮಾರು ಅದೇ ಹಂತದಲ್ಲಿರುವಾಗಲೇ ಓದುತ್ತೀರಿ, ಹಾಗಾಗಿ ನಡುಕವೇ ಕಾಣುವುದಿಲ್ಲ. ಗ್ರಿಡ್ ಸ್ವಲ್ಪ ಇಳಿದು 49.95 ಹರ್ಟ್ಸ್ ಆದರೆ ನಡುಕ 99.9 ಆಗುತ್ತದೆ. 100ರಿಂದ ಕಳೆದರೆ ಉಳಿಯುವುದು 0.1 ಹರ್ಟ್ಸ್: 10 ಸೆಕೆಂಡಿಗೊಮ್ಮೆ ಏರಿ ಇಳಿಯುವ ಅಲೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಇದಕ್ಕೆ ಏಲಿಯಾಸಿಂಗ್ ಅನ್ನುತ್ತಾರೆ. ಒಮ್ಮೆ ಹೀಗೆ ಮಡಚಿಕೊಂಡು ಬಂದ ಅಲೆ ನಿಜವಾದ ನಿಧಾನದ ಚಲನೆಯ ಹಾಗೆಯೇ ಇರುತ್ತದೆ. ಕಾಲ್ಮನ್ ಇರಲಿ, ಸರಾಸರಿ ಇರಲಿ, ಯಾವ ಕೋಡ್‌ಗೂ ಅದನ್ನು ಬೇರ್ಪಡಿಸಲಾಗದು. ಅಂಕಿಯಾಗುವ ಮೊದಲೇ ತಡೆಯಬೇಕು.

ತಡೆಯುವ ಫಿಲ್ಟರ್ ಚಿಪ್‌ನ ಒಳಗೇ ಇದೆ. ಹೆಕ್ಸ್ 1ಎ ವಿಳಾಸದ ಕಾನ್ಫಿಗ್ ರಿಜಿಸ್ಟರ್‌ಗೆ (ಚಿಪ್‌ನ ಸೆಟ್ಟಿಂಗ್ ಇಡುವ ಜಾಗ) 3 ಬರೆದರೆ ಬ್ಯಾಂಡ್‌ವಿಡ್ತ್ 44 ಹರ್ಟ್ಸ್‌ಗೆ ಇಳಿಯುತ್ತದೆ, ನಾಯ್ಸ್ ಕೂಡ 2.7 ಮಿಲಿ-ಜಿ ಆಸುಪಾಸಿಗೆ ಬರುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಇದು ಬೇಡ. ಮೊನೊಬ್ಲಾಕ್ ಸಾಮಾನ್ಯವಾಗಿ 2880 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ, ಅಂದರೆ 48 ಹರ್ಟ್ಸ್. ನಿಮಗೆ ಬೇಕಾದ ಸಿಗ್ನಲ್ಲೇ ತಗ್ಗಿಹೋಗುತ್ತದೆ. ಹಾಗಾಗಿ 1 ಬರೆಯಿರಿ (184 ಹರ್ಟ್ಸ್), ರೀಡಿಂಗ್‌ನ ವೇಗ ನಿರ್ಧರಿಸುವ ಹೆಕ್ಸ್ 19ರ ಡಿವೈಡರ್‌ನಲ್ಲಿ ಸೊನ್ನೆ ಇಡಿ, ಸೆಕೆಂಡಿಗೆ 1000 ಸಲ ಓದಿ. ಟೈಮರ್ ಬದಲು ಇಂಟರಪ್ಟ್ ಪಿನ್ (ಹೊಸ ರೀಡಿಂಗ್ ಸಿದ್ಧ ಎಂದು ಚಿಪ್ ಸೂಚಿಸುವ ಪಿನ್) ಬಳಸಿ, ಐ-ಸ್ಕ್ವೇರ್-ಸಿ (ಚಿಪ್ ಮತ್ತು ಕಂಟ್ರೋಲರ್ ನಡುವಿನ ಎರಡು ತಂತಿಯ ಸಂಪರ್ಕ) ವೇಗ 400 ಕಿಲೋಹರ್ಟ್ಸ್ ಇರಲಿ. 100 ಕಿಲೋಹರ್ಟ್ಸ್‌ನಲ್ಲಿ ಒಂದು ಪೂರ್ತಿ ರೀಡಿಂಗ್‌ನ 14 ಬೈಟ್ ಓದುವುದಕ್ಕೇ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಆ 14 ಬೈಟ್‌ಗಳನ್ನು ಒಟ್ಟಿಗೇ ಓದಿ. ಬಿಡಿಬಿಡಿಯಾಗಿ ಓದಿದರೆ ಮೇಲಿನ ಬೈಟ್ ಒಂದು ಕ್ಷಣದ್ದು, ಕೆಳಗಿನದು ಇನ್ನೊಂದು ಕ್ಷಣದ್ದು ಆಗಿ, ಮಧ್ಯೆ ಮಧ್ಯೆ ಸುಳ್ಳು ನೆಗೆತ ಕಾಣುತ್ತದೆ.

ಇನ್ನು ಅಂಟಿಸಿರುವ ರೀತಿ. ನೀವು ಹಾಕಿದ ಫೋಟೋದಲ್ಲಿ ಬೋರ್ಡು ಫೋಮ್ ಟೇಪಿನ ಮೇಲಿದೆ, ಅದೂ ಫ್ಯಾನ್ ಕವರ್ ಮೇಲೆ. ಫೋಮ್ ಅಂದರೆ ಸ್ಪ್ರಿಂಗ್. ಕವರ್ ಅಂದರೆ ತನ್ನದೇ ದನಿಯಲ್ಲಿ ಗಡಗಡಿಸುವ ತಗಡು. ಬೇರಿಂಗ್ ಇರುವ ಗಟ್ಟಿ ಎರಕದ ಭಾಗದಲ್ಲಿ ಬಣ್ಣ ಕೆರೆದು, ಸಣ್ಣ ಅಲ್ಯೂಮಿನಿಯಂ ಪಟ್ಟಿಯನ್ನು ಅರಲ್ಡೈಟ್‌ನಿಂದ ಕೂರಿಸಿ, ಬೋರ್ಡನ್ನು ಅದಕ್ಕೆ ಬಿಗಿಯಿರಿ. ಈ ಚಿಪ್ ಕೂತಿರುವ ಜಿವೈ-521 ಬೋರ್ಡಿನ ಎರಡೂ ತೂತುಗಳು ಒಂದೇ ಅಂಚಿನಲ್ಲಿವೆ. ಬರೀ ಸ್ಕ್ರೂ ಹಾಕಿದರೆ ಇನ್ನೊಂದು ಅಂಚು ರೆಕ್ಕೆ ಬಡಿಯುತ್ತದೆ, ಅದರ ಕೆಳಗೂ ಎಪಾಕ್ಸಿ ತುಂಬಿ. ಇದಕ್ಕೆಲ್ಲ ಕೈ ಹಾಕುವ ಮೊದಲು ಸ್ಟಾರ್ಟರ್ ಬಾಕ್ಸಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ದಯವಿಟ್ಟು.

ಪವರ್ ವಿಷಯ ಚಿಕ್ಕದು. ಚಿಪ್‌ನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ, ರಿಲೇಗೆ ಬೇರೆ ಸಪ್ಲೈ ಕೊಡಿ. ಐ-ಸ್ಕ್ವೇರ್-ಸಿ ತಂತಿಯನ್ನು ಮೋಟಾರ್ ಕೇಬಲ್ ಜೊತೆ ಮೀಟರುಗಟ್ಟಲೆ ಎಳೆಯಬೇಡಿ. ದೂರ ಹೋಗಬೇಕಿದ್ದರೆ ಕಂಟ್ರೋಲರ್ ಅನ್ನೇ ಸೆನ್ಸರ್ ಹತ್ತಿರ ಇಟ್ಟು ಅಲ್ಲಿಂದ ಆರ್‌ಎಸ್-485 (ದೂರಕ್ಕೆ ಹೊಂದುವ ಸಂಪರ್ಕ) ಒಯ್ಯಿರಿ.

ತಪ್ಪು ಎಲ್ಲಿದೆ ಅಂತ ತಿಳಿಯಲು ಮೂರು ರೆಕಾರ್ಡಿಂಗ್ ಸಾಕು. ಮೋಟಾರ್ ಆಫ್, ಸೆನ್ಸರ್ ಬ್ಯಾಟರಿಯಲ್ಲಿ: ಇದು ಚಿಪ್‌ನ ಸ್ವಂತ ನಾಯ್ಸ್. ಮೋಟಾರ್ ಆನ್, ಸೆನ್ಸರ್ ಪಕ್ಕದಲ್ಲಿ ಬೇರೆ ಗಟ್ಟಿ ಕಲ್ಲಿನ ಮೇಲೆ, ವೈರಿಂಗ್ ಎಂದಿನಂತೆ: ಇಲ್ಲಿ ಹೊಸದಾಗಿ ಬಂದದ್ದು ಬಹುಪಾಲು ವಿದ್ಯುತ್ತಿನಿಂದ ಬಂದದ್ದು. ಮೂರನೆಯದು ಪಂಪಿನ ಮೇಲೆ.

ಇದಾದ ಮೇಲೆ ಕೋಡ್. ಕಾಲ್ಮನ್ ಬಿಟ್ಟು, ಸರಾಸರಿ ಕಳೆದು, 1024 ಬಿಂದುಗಳ ಎಫ್‌ಎಫ್‌ಟಿ (ಯಾವ ಕಂಪನಾಂಕ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ಮಾಡಿ. ನಾಯ್ಸ್ ಎಲ್ಲ ಕಂಪನಾಂಕಗಳಿಗೂ ಹಂಚಿಹೋಗಿ, ಒಂದೊಂದು ಹರ್ಟ್ಸ್‌ನ ಗೆರೆಗೆ ಅರ್ಧ ಮಿಲಿ-ಜಿಯಷ್ಟೇ ಉಳಿಯುತ್ತದೆ. ಯಂತ್ರಗಳ ಕಂಪನದ ಮಾನದಂಡವಾಗಿದ್ದ ಐಎಸ್‌ಒ 10816 (2016ರಲ್ಲಿ ಅದರ ಮೊದಲ ಭಾಗದ ಜಾಗಕ್ಕೆ ಐಎಸ್‌ಒ 20816 ಬಂತು) ಪ್ರಕಾರ 15 ಕಿಲೋವ್ಯಾಟ್‌ವರೆಗಿನ ಸಣ್ಣ ಯಂತ್ರದ ಕಂಪನ ಸೆಕೆಂಡಿಗೆ 1.8 ಮಿಲಿಮೀಟರ್ ದಾಟಿದರೆ ಅದನ್ನು ಬಹುಕಾಲ ಹಾಗೇ ಓಡಿಸುವಂತಿಲ್ಲ. 48 ಹರ್ಟ್ಸ್‌ನಲ್ಲಿ ಅದು ಸುಮಾರು 55 ಮಿಲಿ-ಜಿ. ಇಂಪೆಲ್ಲರ್ ಸಮತೋಲ ತಪ್ಪಿದ್ದು ನಿಮ್ಮ ಅಗ್ಗದ ಸೆನ್ಸರ್‌ನಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಶಿಖರಗಳು 32767 ಮುಟ್ಟುತ್ತಿದ್ದರೆ ಮಾತ್ರ ರೇಂಜ್ ±4 ಜಿ ಮಾಡಿಕೊಳ್ಳಿ.

ಬೇರಿಂಗ್ ಸವೆತದ ಮೊದಲ ಸುಳಿವು ಬೇಕೆಂದರೆ ಮಾತ್ರ ಇದರಿಂದ ಆಗದು. ಅದು ಕಿಲೋಹರ್ಟ್ಸ್‌ಗಳಲ್ಲಿ ಇರುತ್ತದೆ. ಅದಕ್ಕೆ 11 ಕಿಲೋಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುವ, ಪ್ರತಿ ವರ್ಗಮೂಲ ಹರ್ಟ್ಸ್‌ಗೆ 25 ಮೈಕ್ರೋ-ಜಿ ನಾಯ್ಸ್‌ನ ಎಡಿಎಕ್ಸ್‌ಎಲ್-1002 ಥರದ್ದು ಬೇಕು. ಅದರ ಔಟ್‌ಪುಟ್ ಅನಲಾಗ್, ಹಾಗಾಗಿ ಏಲಿಯಾಸಿಂಗ್ ತಡೆಯುವ ಫಿಲ್ಟರನ್ನು ನೀವೇ ಕಟ್ಟಬೇಕಾಗುತ್ತದೆ. ಮೊದಲು ಆ ಮೂರು ರೆಕಾರ್ಡಿಂಗ್ ಮಾಡಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.